‘ಅಮೆರಿಕದ ಕ್ರೈಸ್ತರು ಇಸ್ರೇಲ್ ಪರ’ ಎಂಬ ಸಮೀಕ್ಷೆ ಬಂದರೆ ಓದುವುದು ಹೇಗೆ?

ಕನ್ನಡ ಪತ್ರಿಕೆಯೊಂದರಲ್ಲಿ ವಿದೇಶ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಸಮೀಕ್ಷೆ ಸುದ್ದಿ ಬಂತೆಂದರೆ ಡೆಸ್ಕಿಗೆ ಹೊಸದಾಗಿ ಸೇರಿದವರ ಕಣ್ಣು ಮೊದಲು ಹೋಗುವುದು ಶೇಕಡಾವಾರಿನ ಮೇಲೆ. ಅದನ್ನು ಕೊನೆಗೆ ನೋಡಿ ಅಂತೀನಿ ನಾನು.

ಮೊದಲು ಕೇಳಬೇಕಾದದ್ದು: ಯಾವ ಕ್ರೈಸ್ತರು? ಅಲ್ಲಿ ಕ್ಯಾಥೊಲಿಕರ ಲೆಕ್ಕ ಬೇರೆ, ಕಪ್ಪು ಪ್ರೊಟೆಸ್ಟೆಂಟರ ಲೆಕ್ಕ ಬೇರೆ. ಇಸ್ರೇಲ್ ಪರ ಗಟ್ಟಿಯಾಗಿ ನಿಲ್ಲುವವರು ಹೆಚ್ಚಾಗಿ ಬಿಳಿಯ ಇವಾಂಜೆಲಿಕಲ್ ಪ್ರೊಟೆಸ್ಟೆಂಟರು, ಅಂದರೆ ಬೈಬಲ್ಲೇ ಅಂತಿಮ ಎಂದು ನಂಬಿ ಮತಪ್ರಚಾರಕ್ಕೆ ಒತ್ತು ಕೊಡುವ ಪಂಗಡದವರು. ಅಬ್ರಹಾಮನನ್ನು ಹರಸಿದವರನ್ನು ದೇವರು ಹರಸುತ್ತಾನೆ ಎಂಬ ಆದಿಕಾಂಡ 12ನೇ ಅಧ್ಯಾಯದ ಮಾತನ್ನು ಇವರಲ್ಲಿ ಅನೇಕರು ಇಂದಿನ ಇಸ್ರೇಲ್ ದೇಶಕ್ಕೂ ಅನ್ವಯಿಸುತ್ತಾರೆ. ಟೆಕ್ಸಾಸಿನ ಪಾದ್ರಿ ಜಾನ್ ಹೇಗೀ 2006ರಲ್ಲಿ ಇದಕ್ಕೆಂದೇ ದೊಡ್ಡ ಸಂಘಟನೆ ಕಟ್ಟಿದರು. 2018ರ ಮೇನಲ್ಲಿ ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿನಲ್ಲಿ ತೆರೆದಾಗ ಪ್ರಾರ್ಥನೆ ಸಲ್ಲಿಸಿದವರಲ್ಲಿ ಅವರೂ ಒಬ್ಬರು.

ಇನ್ನೊಂದು ಸ್ವಾರಸ್ಯ ಕೇಳಿ. ಇಸ್ರೇಲಿನ ನೆಲ ಯಹೂದಿಗಳಿಗೆ ದೇವರು ಕೊಟ್ಟದ್ದೇ ಎಂದು ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2013ರಲ್ಲಿ ಕೇಳಿತ್ತು. ಹೌದು ಅಂದ ಬಿಳಿಯ ಇವಾಂಜೆಲಿಕಲರು ಶೇ 82. ಅಮೆರಿಕದ ಯಹೂದಿಗಳು? ಶೇ 40! ಹಾಗಾಗಿ ಇಸ್ರೇಲ್ ಬೆಂಬಲಕ್ಕೆಲ್ಲ ‘ಯಹೂದಿ ವೋಟು’ ಕಾರಣ ಅಂತ ಸುಮ್ನೆ ಬರೆದು ಕೈತೊಳೆದುಕೊಳ್ಳಬೇಡಿ.

ಆಮೇಲೆ ಪ್ರಶ್ನೆ ಏನಿತ್ತು ನೋಡಿ. ಜನರ ಬಗ್ಗೆ ಕೇಳಿದರೋ, ಸರ್ಕಾರದ ಬಗ್ಗೆಯೋ? 2022ರಲ್ಲಿ ಪ್ಯೂ ಎರಡನ್ನೂ ಬೇರೆಬೇರೆ ಕೇಳಿತು. ಇಸ್ರೇಲಿನ ಜನರ ಬಗ್ಗೆ ಒಳ್ಳೆಯ ಅಭಿಪ್ರಾಯ ಹೇಳಿದ ಅಮೆರಿಕನ್ನರು ಶೇ 67. ಸರ್ಕಾರದ ಬಗ್ಗೆ ಶೇ 48. ತಲೆಬರಹದಲ್ಲಿ ಬರೀ ‘ಇಸ್ರೇಲ್’ ಅಂತ ಹಾಕಿದರೆ ಈ ವ್ಯತ್ಯಾಸವೇ ಮಾಯ.

ಮೂರನೆಯದು ತಲೆ ಎಣಿಕೆ. ಇಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ. ಅಮೆರಿಕದ ವಯಸ್ಕರಲ್ಲಿ ಯಹೂದಿಗಳು ಸುಮಾರು ಶೇ 2.4. ಒಂದು ಸಾವಿರ ಜನರ ಸಮೀಕ್ಷೆಯಲ್ಲಿ ಸಿಗುವವರು ಇಪ್ಪತ್ತನಾಲ್ಕು ಮಂದಿ, ಅಷ್ಟೇ. ಒಟ್ಟು ಅಂಕಿಯಲ್ಲಿ ಮೂರು ಶೇಕಡಾ ಅಂಶ ಹೆಚ್ಚುಕಡಿಮೆ ಆಗಬಹುದಾದರೆ, ಇಷ್ಟು ಸಣ್ಣ ಗುಂಪಿನಲ್ಲಿ ಅದು ಇಪ್ಪತ್ತು ಅಂಶದವರೆಗೂ ಹೋಗುತ್ತದೆ. ಅಂಥ ಗುಂಪಿನ ಅಂಕಿ ಯಾವುದಕ್ಕೂ ಬರದು.

ವಯಸ್ಸು, ಪಕ್ಷ ಬಿಟ್ಟು ಧರ್ಮವೊಂದನ್ನೇ ಹಿಡಿದರೂ ಕಷ್ಟ. 2025ರ ಪ್ಯೂ ಸಮೀಕ್ಷೆಯಲ್ಲಿ ಐವತ್ತರೊಳಗಿನ ರಿಪಬ್ಲಿಕನ್ನರಲ್ಲೇ ಅರ್ಧ ಜನ ಇಸ್ರೇಲ್ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಅಂದರು. ಮೂರು ವರ್ಷ ಹಿಂದೆ ಹಾಗೆ ಅಂದವರು ಶೇ 35 ಮಾತ್ರ. ಅಷ್ಟರಲ್ಲಿ ಬೈಬಲ್ ಏನೂ ಬದಲಾಗಿರಲಿಲ್ಲ, ಅಲ್ವಾ? ಗಾಜಾ ಯುದ್ಧವನ್ನು ಜನ ಮೊಬೈಲಿನಲ್ಲಿ ನೋಡುತ್ತಿದ್ದರು. ಅದೇ ಕಾರಣ ಅಂತ ಬರೆಯಬೇಕಾದರೆ ಮಾತ್ರ ಸಮೀಕ್ಷೆ ಅದನ್ನು ಕೇಳಿರಬೇಕು.

ಇಷ್ಟೆಲ್ಲ ನೋಡಿದ ಮೇಲೆ ತಲೆಬರಹ ಕೊಡಿ. ಯಾರನ್ನು, ಏನು, ಎಷ್ಟು ಜನರನ್ನು ಕೇಳಿದರು ಎಂಬುದು ಸುದ್ದಿ ಏಜೆನ್ಸಿ ಕಳಿಸಿದ ಪ್ರತಿಯಲ್ಲಿ ಇಲ್ಲವೇ? ಸಮೀಕ್ಷೆ ನಡೆಸಿದವರ ಮೂಲ ವರದಿ ತೆಗೆದು ಹುಡುಕಿ. ಅಲ್ಲೂ ಸಿಗದಿದ್ದರೆ ಆ ಜಾಗಕ್ಕೆ ಬೇರೆ ಸುದ್ದಿ ಹಾಕಿ.