‘ದಿ ಎಂಪ್ಟಿ ಚೈಲ್ಡ್’ ನೋಡುವ ಕ್ರಮ: ಹೆದರಿಕೆಯೂ ಪೂರ್ತಿ ಬೇಕು, ನಗುವೂ ಪೂರ್ತಿ ಬೇಕು

ಮೊದಲು ಸರಿಯಾದ ಎಪಿಸೋಡ್ ಹುಡುಕಿಕೊಳ್ಳಿ, ಎಡವುವುದು ಇಲ್ಲೇ. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ವೈಜ್ಞಾನಿಕ ಕಥೆಗಳ ಟಿವಿ ಸರಣಿಯಲ್ಲಿ ‘ಸೀಸನ್ 1’ ಅನ್ನಿಸಿಕೊಂಡವು ಮೂರಿವೆ: 1963ರದ್ದು, 2005ರದ್ದು, 2024ರದ್ದು. ನಮಗೆ ಬೇಕಾದ್ದು 2005ರದ್ದು, ಅದರಲ್ಲಿ 9 ಮತ್ತು 10ನೇ ಎಪಿಸೋಡ್. ಒಂಬತ್ತನೆಯದು ‘ದಿ ಎಂಪ್ಟಿ ಚೈಲ್ಡ್’, ಹತ್ತನೆಯದು ‘ದಿ ಡಾಕ್ಟರ್ ಡಾನ್ಸಸ್’. ಹೆಸರು ಎರಡಾದರೂ ಕಥೆ ಒಂದೇ. ಬರೆದವರು ಸ್ಟೀವನ್ ಮೊಫಟ್. ಈ ಜೋಡಿಗೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ 2006ರಲ್ಲಿ ಬಂತು. ಡಾಕ್ಟರ್ ಪಾತ್ರದಲ್ಲಿ ಕಪ್ಪು ಚರ್ಮದ ಜಾಕೆಟ್ ಹಾಕಿದ ಕ್ರಿಸ್ಟಫರ್ ಎಕಲ್‌ಸ್ಟನ್ ಕಂಡರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ.

ನೇರ ಒಂಬತ್ತಕ್ಕೆ ಹಾರಬೇಡಿ. ಅದೇ ಸೀಸನ್ನಿನ 1, 2 ಮತ್ತು 6 ನೋಡಿಕೊಂಡು ಬನ್ನಿ. ಪುರುಸೊತ್ತಿಲ್ಲದಿದ್ದರೆ 6 ಒಂದನ್ನಾದರೂ ಬಿಡಬೇಡಿ. ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ, ಅನ್ಯಲೋಕದ ಈ ಡಾಕ್ಟರ್ ಒಂದು ಘೋರ ಯುದ್ಧದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡು ಒಂಟಿಯಾಗಿ ಉಳಿದವನು, ತಾನು ಉಳಿದದ್ದೇ ತಪ್ಪೇನೋ ಎಂಬಂತೆ ಓಡಾಡುವವನು. ಅದು ಗೊತ್ತಿಲ್ಲದೆ ಕೂತರೆ ಕೊನೆಯ ಸಂಭ್ರಮ ಬರೀ ‘ಸುಖಾಂತ್ಯ’. ಗೊತ್ತಿದ್ದರೆ ಗಂಟಲು ಕಟ್ಟುತ್ತದೆ.

ಎರಡನ್ನೂ ಒಂದೇ ರಾತ್ರಿ ನೋಡಿ. ಸೇರಿ ಒಂದೂವರೆ ಗಂಟೆಗಿಂತ ಹೆಚ್ಚಾಗುವುದಿಲ್ಲ. ನಡುವೆ ಕಾಫಿಗೆ ಐದು ನಿಮಿಷ ಸಾಕು, ಮರುದಿನಕ್ಕೆ ಇಟ್ಟರೆ ಎರಡನೆಯದರ ಆರಂಭದಲ್ಲೇ ಇರುವ ನಗು ಕೈತಪ್ಪುತ್ತದೆ. ಬಿಗಿದಿಟ್ಟ ಭಯ ಸಡಿಲವಾಗುವ ಕ್ಷಣ ಅದು, ಆರಿದ ಭಯಕ್ಕೆ ಆ ನಗು ಬರುವುದಿಲ್ಲ. ಕೋಣೆಯ ದೀಪ ಆರಿಸಿ. ಟಿವಿಯ ತೆಳು ಸ್ಪೀಕರಿಗಿಂತ ಹೆಡ್‌ಫೋನ್ ಒಳ್ಳೆಯದು, ಇಲ್ಲಿ ಹೆದರಿಸುವುದು ಸದ್ದು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಲಂಡನ್ ಬೀದಿ ಹುಡುಗರ ಮಾತು ನಮ್ಮ ಕಿವಿಗೆ ಅರ್ಧವೇ ದಕ್ಕುತ್ತದೆ. ಡಾಕ್ಟರನ ಜೊತೆಗಾತಿ ರೋಸ್ ಬಲೂನಿಗೆ ಜೋತುಬಿದ್ದ ದೃಶ್ಯದ ಗ್ರಾಫಿಕ್ಸ್ ಹಳತಾಗಿ ಕಾಣುತ್ತದೆ, ಅದನ್ನು ಮನ್ನಿಸಿಬಿಡಿ. ಯೂಟ್ಯೂಬಿನಲ್ಲಿ ತುಣುಕುಗಳನ್ನು ಮೊದಲೇ ನೋಡಿದರೆ ಮಾತ್ರ ಕೆಟ್ಟಿತು. ಎಲ್ಲರೂ ಹಂಚುವ ತುಣುಕು ಕೊನೆಯದ್ದೇ.

ಹಿನ್ನೆಲೆ ಇಷ್ಟು ಸಾಕು: 1941ರ ಲಂಡನ್, ರಾತ್ರಿ ಜರ್ಮನ್ ಬಾಂಬು. ವಿಷಾನಿಲ ಬೀಳಬಹುದೆಂದು ಸರ್ಕಾರ ಯುದ್ಧಕ್ಕೆ ಮೊದಲೇ ಮನೆಮನೆಗೂ ಗ್ಯಾಸ್ ಮಾಸ್ಕ್ ಹಂಚಿತ್ತು. ಅನಿಲ ಬೀಳಲೇ ಇಲ್ಲ, ಮಾಸ್ಕ್ ಉಳಿಯಿತು. ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದ್ದರು, ಕೆಲವರು ಅಲ್ಲಿನ ಕಾಟ ತಾಳದೆ ಊರಿಗೆ ಓಡಿಬಂದಿದ್ದಾರೆ. ಊಟ ರೇಷನ್ನಿನ ಲೆಕ್ಕ. ಹಾಗಾಗಿ ಸೈರನ್ ಕೂಗಿ ಮನೆಯವರು ಶೆಲ್ಟರಿಗೆ ಇಳಿದಾಗ ಅವರ ಊಟದ ಮೇಜಿಗೆ ಬೀದಿ ಮಕ್ಕಳನ್ನು ಕರೆತಂದು ಶಿಸ್ತಾಗಿ ಬಡಿಸುವ ನ್ಯಾನ್ಸಿ ಎಂಬ ಹುಡುಗಿ ಏಕೆ ಅಷ್ಟು ಮುಖ್ಯ ಎಂಬುದು ಹೊಳೆಯುತ್ತದೆ. ಮಾಸ್ಕ್ ತೊಟ್ಟ ಮಗುವೊಂದು ಅವಳ ಬೆನ್ನು ಹತ್ತಿದೆ. ಸಿಕ್ಕಿದವರನ್ನೆಲ್ಲ ‘ನೀನು ನನ್ನ ಮಮ್ಮಿಯಾ?’ ಎಂದು ಕೇಳುತ್ತದೆ. ‘ಮಮ್ಮಿ’ ನಮ್ಮ ಮನೆಗಳಲ್ಲೂ ಓಡಾಡುವ ಮಾತು, ಕಿವಿಗೆ ನೇರ ತಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಇದೆ, ನೋಡದವರು ನೋಡಿ ಬಂದು ಓದಿ.

ಮೊದಲ ಭಾಗದಲ್ಲಿ ಮೂರು ವಿಷಯ ಗಮನಿಸಿದ್ದೀರಾ ಎಂದು ಮೊದಲು ಕೇಳಿಕೊಳ್ಳಿ. ಹಗ್ಗ ಉಜ್ಜಿ ಸುಟ್ಟ ರೋಸ್‌ಳ ಅಂಗೈಯನ್ನು ಕ್ಯಾಪ್ಟನ್ ಜ್ಯಾಕ್‌ನ ಹಡಗಿನಲ್ಲಿ ಹೊಂಬಣ್ಣದ ಕಣಗಳು ವಾಸಿಮಾಡುತ್ತವೆ, ಅವೇ ನ್ಯಾನೊಜೀನ್. ಬಾಗಿಲಿನ ಅಂಚೆ ಕಂಡಿಯೊಳಗೆ ತೂರುವ ಮಗುವಿನ ಪುಟ್ಟ ಕೈಯ ಹಿಂಬದಿಯಲ್ಲಿ ಗಾಯದ ಗುರುತಿದೆ. ಆಸ್ಪತ್ರೆಯಲ್ಲಿ ಮಲಗಿದ ಎಲ್ಲರಿಗೂ ಅದೇ ಕೈಗಾಯ, ತಲೆಯ ಎಡಕ್ಕೆ ಅದೇ ಪೆಟ್ಟು, ಎದೆಯ ಬಲಕ್ಕೆ ಅದೇ ಕುಸಿತ, ಮುಖಕ್ಕೆ ಬೆಸೆದ ಅದೇ ಮಾಸ್ಕ್. ಮೂರನ್ನೂ ಜೋಡಿಸಿದರೆ ಕಥೆ ಬಿಚ್ಚಿಕೊಳ್ಳುತ್ತದೆ: ಲಂಡನ್ನಿಗೆ ಬಂದು ಬಿದ್ದ ಇನ್ನೊಂದು ಹಡಗಿನ, ಮನುಷ್ಯರನ್ನೇ ನೋಡಿರದ ನ್ಯಾನೊಜೀನ್‌ಗಳು ಸತ್ತ ಮಗುವೊಂದನ್ನು ಮೊದಲು ಕಂಡು, ಮನುಷ್ಯ ಅಂದರೆ ಇದೇ ಎಂದು ತಿಳಿದು, ಎಲ್ಲರನ್ನೂ ಅದೇ ಅಚ್ಚಿಗೆ ‘ರಿಪೇರಿ’ ಮಾಡುತ್ತಿವೆ. ಇಲ್ಲಿ ಖಳನಾಯಕನೇ ಇಲ್ಲ. ಸೊಗಸು ಇರುವುದೇ ಅಲ್ಲಿ: ಕೊಲ್ಲುವುದೂ ಅದೇ, ಬದುಕಿಸುವುದೂ ಅದೇ. ಕೊನೆಯ ಖುಷಿಯನ್ನು ಹೊರಗಿನಿಂದ ತಂದು ಅಂಟಿಸಿಲ್ಲ.

ಹೆದರಿಕೆ ಹೇಗೆ ಕಟ್ಟಿದ್ದಾರೆ ನೋಡಲು 802ನೇ ಕೋಣೆಯ ದೃಶ್ಯವನ್ನು ಮತ್ತೊಮ್ಮೆ ಹಾಕಿ. ಮಗುವಿನ ದನಿ ಟೇಪಿನಲ್ಲಿ ಕೇಳುತ್ತಿದೆ. ಡಾಕ್ಟರ್ ತನ್ನ ಪಾಡಿಗೆ ತರ್ಕ ಮಾಡುತ್ತಿದ್ದಾನೆ. ನಡುವೆ ಪಟ ಪಟ ಎಂಬ ಸದ್ದು ಶುರುವಾಗುತ್ತದೆ, ಸಂಗೀತ ಅದನ್ನು ಎತ್ತಿ ತೋರಿಸುವುದಿಲ್ಲ. ಏನದು ಎಂದು ರೋಸ್ ಕೇಳುತ್ತಾಳೆ. ಟೇಪು ಮುಗಿದು ಅರ್ಧ ನಿಮಿಷವಾಯಿತು ಎನ್ನುತ್ತಾನೆ ಅವನು. ಆದರೆ ಮಗು ಮಾತಾಡುತ್ತಲೇ ಇದೆ. ಈಗ ಹಿಂದಕ್ಕೆ ಹೋಗಿ: ಎರಡನೇ ಭಾಗದ ಮೊದಲಲ್ಲಿ ಮುತ್ತಿಕೊಂಡ ಮಾಸ್ಕಿನವರನ್ನು ಡಾಕ್ಟರ್ ಅಪ್ಪನ ಹಾಗೆ ಗದರಿ ‘ನಿನ್ನ ಕೋಣೆಗೆ ಹೋಗು’ ಅಂದಿದ್ದ, ನಾವು ನಕ್ಕಿದ್ದೆವು. ಅವನು ಹೇಳಿದ ಮಾತನ್ನು ಮಗು ಕೇಳಿದೆ. ಅದರ ಕೋಣೆ ಇದೇ. ನಗಿಸಿದ ಜೋಕೇ ಹತ್ತು ನಿಮಿಷ ಆಗುವಷ್ಟರಲ್ಲಿ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ.

ಹೀಗಾಗಿ ಜೋಕುಗಳನ್ನು ‘ನಡುವೆ ಸ್ವಲ್ಪ ಕಾಮಿಡಿ’ ಎಂದು ದಾಟಿಸಬೇಡಿ. ಡಾಕ್ಟರ್ ಜ್ಯಾಕ್‌ನ ಗನ್ ಎಗರಿಸಿ ಅವನ ಕೈಗೆ ಬಾಳೆಹಣ್ಣು ಕೊಡುವುದು ತಮಾಷೆಯೇ, ಆದರೆ ಆ ಗನ್ ತಯಾರಾಗುತ್ತಿದ್ದ ಕಾರ್ಖಾನೆಯ ಜಾಗದಲ್ಲಿ ಈಗ ಬಾಳೆತೋಟವಿದೆ. ‘ಡಾನ್ಸ್’ ಎಂಬ ಮಾತಿಗೂ ಎರಡು ಅರ್ಥ: ಕುಣಿತ ಒಂದು, ಗಂಡುಹೆಣ್ಣಿನ ಸಲಿಗೆ ಇನ್ನೊಂದು. ಅದು ಹಿಡಿಯದಿದ್ದರೆ ರೋಸ್ ಮತ್ತು ಡಾಕ್ಟರ್ ನಡುವಿನ ಅರ್ಧ ಮಾತು ಸಪ್ಪೆಯಾಗುತ್ತದೆ.

ಇನ್ನು ಕಾನ್‌ಸ್ಟಂಟೀನ್. ಯುದ್ಧಕ್ಕೆ ಮೊದಲು ತಾನು ತಂದೆ, ಅಜ್ಜ ಎರಡೂ ಆಗಿದ್ದೆ, ಈಗ ಎರಡೂ ಅಲ್ಲ, ಆದರೂ ಡಾಕ್ಟರೇ ಎನ್ನುತ್ತಾನೆ ಈ ಮುದಿ ವೈದ್ಯ. ನಮ್ಮ ಡಾಕ್ಟರ್ ‘ನನಗೆ ಗೊತ್ತು’ ಎಂಬಂತೆ ಎರಡೇ ಮಾತು ಆಡುತ್ತಾನೆ. ವಿರಾಮ ಕೊಟ್ಟು ಆ ಮುಖ ನೋಡಿ. ಕೊನೆಯಲ್ಲಿ ನ್ಯಾನ್ಸಿ ತಾನು ಅಕ್ಕನಲ್ಲ, ಅಮ್ಮ ಎಂದು ಒಪ್ಪಿ ಮಗುವನ್ನು ಅಪ್ಪಿ, ನ್ಯಾನೊಜೀನ್‌ಗಳು ತಮ್ಮ ತಪ್ಪು ತಿದ್ದಿಕೊಂಡಾಗ, ‘ಈ ಒಂದು ಸಲ ಎಲ್ಲರೂ ಬದುಕಿದ್ದಾರೆ’ ಎಂದು ಕೂಗುವುದು ಆ ಮುಖವೇ. ಅದರ ಬೆನ್ನಿಗೇ ಒಬ್ಬ ಹೆಂಗಸು ಬಂದು, ಆಸ್ಪತ್ರೆಗೆ ಬಂದಾಗ ನನಗೆ ಒಂದೇ ಕಾಲಿತ್ತು, ಈಗ ಎರಡಿವೆ ಎಂದು ದೂರುತ್ತಾಳೆ. ಕಾನ್‌ಸ್ಟಂಟೀನ್ ಯೋಚಿಸಿ ಕೇಳುತ್ತಾನೆ: ಯುದ್ಧಕಾಲ ನೋಡಿ, ನೀವೇ ಎಣಿಸುವಾಗ ತಪ್ಪಿದಿರೇನೋ?

ಎರಡನೇ ಸಲ ನೋಡುವಾಗ ಮಗುವನ್ನು ಬಿಟ್ಟು ನ್ಯಾನ್ಸಿಯ ಮೇಲೇ ಕಣ್ಣಿಡಿ. ಆ ಪ್ರಶ್ನೆ ಕೇಳಿಬಂದಾಗಲೆಲ್ಲ ಅವಳು ಎತ್ತ ನೋಡುತ್ತಾಳೆ ಎಂಬುದನ್ನಷ್ಟೇ ಹಿಂಬಾಲಿಸಿ.