ಬಿಳಿ ಕುದುರೆಯ ಕಪ್ಪು ಗಂಟು: ಹುಡುಕಿ ಹೋದ ನನ್ನ ಅನುಭವ

ಗಂಗಾವತಿ ಕಡೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಹಿರಿಯರೊಬ್ಬರು ತಮ್ಮ ಹೆಣ್ಣು ಕುದುರೆಯ ಬಾಲ ಎತ್ತಿ ತೋರಿಸಿದರು. ಬುಡದಲ್ಲಿ ಗೋಲಿಯಷ್ಟು ದಪ್ಪದ ನಾಲ್ಕೈದು ಕಪ್ಪು ಗಂಟು. "ಯಾರದರ ದೃಷ್ಟಿ ತಾಗೇತೇನ್ರಿ ಡಾಕ್ಟ್ರ?" ಅಂದರು.

ಮೂತಿಯ ಚರ್ಮ ನೋಡಿದೆ, ಕಪ್ಪಗಿತ್ತು. ಹುಟ್ಟಿದಾಗ ಯಾವ ಬಣ್ಣ ಎಂದು ಕೇಳಿದೆ. "ಕರೇದಿತ್ರಿ. ಬರ್ತಾ ಬರ್ತಾ ಹಾಲಿನಂಗ ಆತು." ಹಾಗಾದರೆ ಇದು ಹುಟ್ಟು ಬಿಳಿಯಲ್ಲ, ನರೆತು ಬೆಳ್ಳಗಾದ 'ಗ್ರೇ' ಕುದುರೆ. ಗಂಟು ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗಡ್ಡೆ, ಇರಬೇಕು. 15 ವರ್ಷ ದಾಟಿದ ಗ್ರೇ ಕುದುರೆಗಳಲ್ಲಿ ಬಹುಪಾಲಿಗೆ ಇದು ಬರುತ್ತದೆ. ಚರ್ಮವೂ ಗುಲಾಬಿಯಾಗಿರುವ ಬಿಳಿ ಕುದುರೆಗಳ ಲೆಕ್ಕ ಬೇರೆ.

ಕಾರಣ 2008ರಲ್ಲೇ ಗೊತ್ತಾಗಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ ಕಂಡುಕೊಂಡಂತೆ, 25ನೇ ಕ್ರೋಮೋಸೋಮಿನ ಎಸ್‌ಟಿಎಕ್ಸ್17 ಜೀನಿನೊಳಗೆ ಸುಮಾರು 4,600 ಡಿಎನ್‌ಎ ಅಕ್ಷರಗಳ ತುಣುಕೊಂದು ಮರುಕಳಿಸಿರುತ್ತದೆ. ಕೂದಲು ನರೆಸುವುದೂ ಅದೇ, ಗಂಟು ಎಬ್ಬಿಸುವುದೂ ಅದೇ. ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಈ ಕುದುರೆಯ ರಕ್ತ ಕಳಿಸಿ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದು) ಮಾಡಿಸುವಷ್ಟು ದುಡ್ಡು ಅವರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಯುರೋಪಿನ ಇಎನ್‌ಎ ಎಂಬ ಆನ್‌ಲೈನ್ ಭಂಡಾರದಲ್ಲಿ ಬೇರೆಯವರು ಓದಿಸಿಟ್ಟ ಕುದುರೆಗಳ ಡಿಎನ್‌ಎ ಪುಕ್ಕಟೆ ಸಿಗುತ್ತದೆ, ಅದನ್ನೇ ಹಿಡಿದೆ.

ಕುದುರೆಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಸುಮಾರು 250 ಕೋಟಿ ಅಕ್ಷರ. ಒಂದೊಂದು ಫೈಲೂ ಹತ್ತಾರು ಜಿಬಿ. ಮೊಬೈಲ್ ಹಾಟ್‌ಸ್ಪಾಟು, ರಾತ್ರಿ ಹೋಗುವ ಕರೆಂಟು, ಇವೆರಡರ ನಡುವೆ ಎರಡು ಸಲ ಇಳಿಸಲು ಹೋಗಿ ಕೈಬಿಟ್ಟೆ. ಆಮೇಲೆ ತಿಳಿಯಿತು: ಬಿಎಎಂ ಫೈಲಿನ (ಓದಿಸಿದ ಡಿಎನ್‌ಎಯನ್ನು ಜೀನೋಮ್ ನಕ್ಷೆಯ ಮೇಲೆ ಜೋಡಿಸಿಟ್ಟ ಫೈಲು) ಜೊತೆ ಇಂಡೆಕ್ಸ್ ಇದ್ದರೆ, ಸ್ಯಾಮ್‌ಟೂಲ್ಸ್ ಎಂಬ ತಂತ್ರಾಂಶ ದೂರದಿಂದಲೇ ನಮಗೆ ಬೇಕಾದ ಜಾಗವನ್ನಷ್ಟೇ ಕತ್ತರಿಸಿ ತರುತ್ತದೆ. ಇಡೀ ಹೊಲ ಯಾಕೆ, ಒಂದು ಮಡಿ ಸಾಕಲ್ಲ. ಐದು ನಿಮಿಷದ ಕೆಲಸ.

ತಂದು ನೋಡಿದರೆ ಏನೂ ಇಲ್ಲ! ಒಂದೊಂದು ಅಕ್ಷರ ಎಷ್ಟು ಸಲ ಓದಿಸಿಕೊಂಡಿದೆ ಎಂಬ ಲೆಕ್ಕಕ್ಕೆ ಆಳ ಎನ್ನುತ್ತೇವೆ. ತುಣುಕು ಮರುಕಳಿಸಿದ್ದರೆ ಅಲ್ಲಿ ಆಳ ಏರಬೇಕು. ಗ್ರೇ ಎಂದು ಬರೆದಿದ್ದ ಕುದುರೆಯಲ್ಲೂ ಸಪಾಟು. ಎರಡು ವಾರ ತಲೆ ಕೆಟ್ಟಿತು. ಕೊನೆಗೆ ನೋಡಿದರೆ ತಪ್ಪು ನನ್ನದೇ. ಹಳೆಯ ಲೇಖನದ ಸ್ಥಾನ ಸಂಖ್ಯೆಯನ್ನು 2018ರ ಈಕ್ವಿಕ್ಯಾಬ್3 ಎಂಬ ಹೊಸ ಕುದುರೆ ಜೀನೋಮ್ ನಕ್ಷೆಯ ಮೇಲೆ ಇಟ್ಟಿದ್ದೆ. ಪೋಡಿ ಆದ ಮೇಲೂ ಹಳೇ ಸರ್ವೆ ನಂಬರ್ ಹಿಡಿದು ಹೊಲ ಹುಡುಕಿದ ಹಾಗೆ. ಹಳೇ ನಕ್ಷೆಯ ಸಂಖ್ಯೆಯನ್ನು ಹೊಸದಕ್ಕೆ ಬದಲಿಸಿಕೊಡುವ ಲಿಫ್ಟ್‌ಓವರ್‌ನಲ್ಲಿ ಹೊಸ ಸಂಖ್ಯೆ ಪಡೆದು ಮತ್ತೆ ತೆಗೆದೆ. ಆಳವನ್ನು ಚಿತ್ರವಾಗಿ ತೋರಿಸುವ ಐಜಿವಿ ತಂತ್ರಾಂಶದ ಪರದೆಯ ಮೇಲೆ, ಸಪಾಟು ಬಯಲಿನ ನಡುವೆ ಆನೆಗೊಂದಿಯ ಬಂಡೆಯಂತೆ ದಿಬ್ಬ ಎದ್ದಿತ್ತು. ಅಕ್ಕಪಕ್ಕದ ಎರಡರಷ್ಟು.

ಆ 'ಎರಡರಷ್ಟು' ಅನ್ನುವುದು ಕೂಡ ಸಲೀಸಲ್ಲ. ತುಣುಕು ಮೂರು ಪ್ರತಿಯಾದರೆ ಕುದುರೆ ಬೇಗ ನರೆಯುತ್ತದೆ, ಗಂಟಿನ ಕಾಟ ಹೆಚ್ಚು. ಎರಡು ಪ್ರತಿಯಾದರೆ ನಿಧಾನ ನರೆಯುತ್ತದೆ, ಗಂಟಿನ ಭಯ ಅಷ್ಟಿಲ್ಲ ಎಂದು 2024ರಲ್ಲಿ ತಿಳಿಯಿತು. ಗ್ರೇ ಅಲ್ಲದ ಕುದುರೆಗೆ ತಂದೆಯಿಂದ 1, ತಾಯಿಯಿಂದ 1, ಒಟ್ಟು 2 ಪ್ರತಿ. ಗ್ರೇ ಕುದುರೆಗೆ ಒಂದು ಕಡೆಯಿಂದ 3, ಇನ್ನೊಂದು ಕಡೆಯಿಂದ 1 ಬಂದರೆ ಒಟ್ಟು 4. ಎರಡೂ ಕಡೆಯಿಂದ 2 ಬಂದರೂ 4! ಆಳ ನೋಡಿ ಇವೆರಡನ್ನು ಬೇರ್ಪಡಿಸಲಾಗದು, ತಂದೆ ತಾಯಿಯ ಡಿಎನ್‌ಎಯೂ ಸಿಕ್ಕರೆ ತಿಳಿದೀತು. ಭಂಡಾರದಲ್ಲಿ ಎಷ್ಟೋ ಕುದುರೆಗಳ ಮೈಬಣ್ಣದ ಕಾಲಂ ಕೂಡ ಖಾಲಿ. ದುಬಾರಿ ಯಂತ್ರದಲ್ಲಿ ಓದಿಸಿದವರಿಗೆ ಬಣ್ಣ ಬರೆಯಲು ಒಂದು ನಿಮಿಷ ಸಿಗಲಿಲ್ಲವೇ?

ಮುಂದಿನ ಸಲ ಹೋದಾಗ ಹಿರಿಯರಿಗೆ ಪರದೆಯ ಚಿತ್ರ ತೋರಿಸಿದೆ. ದೃಷ್ಟಿಯಲ್ಲ, ಹುಟ್ಟಿನಿಂದಲೇ ಬಂದದ್ದು ಎಂದೆ.

"ಇದರ ಮರೀಗೂ ಬರ್ತೈತೇನ್ರಿ?"

"ನಿಮ್ಮ ಕುದುರೆಗೆ ಅಪ್ಪ-ಅವ್ವ ಇಬ್ಬರಲ್ಲಿ ಒಬ್ಬರಿಂದಷ್ಟೇ ಈ ಗುಣ ಬಂದಿದ್ರೆ, ಕೂಡಿಸೋ ಗಂಡು ಕುದುರೆ ಗ್ರೇ ಅಲ್ಲದಿದ್ರೆ, ಮರಿಗೂ ಅದು ಬರೋದು ಅರ್ಧಕ್ಕರ್ಧ ಸಾಧ್ಯತೆ. ಬರದಿದ್ದ ಮರಿ ಬೆಳ್ಳಗಾಗಲ್ಲ, ಕರೇದೋ ಬೇರೇದೋ ಹುಟ್ಟಿದ ಬಣ್ಣದಾಗೇ ಉಳಿಯುತ್ತೆ."

ಸ್ವಲ್ಪ ಹೊತ್ತು ಬಾಲ ಸವರುತ್ತಾ ನಿಂತರು. "ಕರೇ ಕುದುರಿ ತಗೊಂಡು ಏನ್ ಮಾಡ್ಲಿರಿ ಡಾಕ್ಟ್ರ? ಮದಿವಿಗೆ ಯಾರ್ ಕರೀತಾರ?"