ಈ ಕಮಾರೋ ಅಸಲಿ ಝಡ್/28 ಹೌದಾ? ನಂಬರ್ ಓದಿ ಪತ್ತೆ ಮಾಡಿ

ಕಮಾರೋ ಅಮೆರಿಕದ ಶೆವರ್ಲೆ ಕಂಪನಿಯ ಕಾರು, ಝಡ್/28 ಅದರದ್ದೇ ಒಂದು ಜೋರಿನ ಮಾದರಿ. 1969ರ ಮಾದರಿ ವರ್ಷಕ್ಕೆ ಶೆವರ್ಲೆ ತಯಾರಿಸಿದ ಝಡ್/28 ಕಾರುಗಳು 20,302. ಅದೇ ವರ್ಷದ ಮಾಮೂಲಿ ಕಮಾರೋ ತಂದು, ಬಾನೆಟ್ ಮೇಲೆ ಎರಡು ದಪ್ಪ ಪಟ್ಟೆ ಬಳಿದು, ಬ್ಯಾಡ್ಜ್ ಕೂರಿಸಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹಾಗಾಗಿ ಅಮೆರಿಕದಲ್ಲಿ ಇಂಥ ಕಾರು ನೋಡಲು ಹೊರಟರೆ ಟಾರ್ಚು, ಹಳೆ ಬಟ್ಟೆ, ಒಂದು ನೋಟ್‌ಬುಕ್ ಕೈಯಲ್ಲಿರಲಿ.

ಮೊದಲು ಡ್ಯಾಶ್‌ಬೋರ್ಡ್ ನೋಡಿ. ಡ್ರೈವರ್ ಕಡೆ (ಅಮೆರಿಕದ ಕಾರಲ್ಲಿ ಅದು ಎಡಗಡೆ), ಮುಂದಿನ ಗಾಜಿನ ಕೆಳಗೆ ವಿಐಎನ್ ತಗಡು ಇರುತ್ತದೆ. ನಮ್ಮ ಛಾಸಿ ನಂಬರ್ ಇದ್ದ ಹಾಗೆ. ಅದು 124379ಎನ್ ಎಂದು ಶುರುವಾದರೆ, 1 ಅಂದರೆ ಶೆವರ್ಲೆ, 24 ಅಂದರೆ ವಿ8 (ಎಂಟು ಸಿಲಿಂಡರ್) ಕಮಾರೋ, 37 ಕೂಪೆ, 9 ಅಂದರೆ 1969ರ ಮಾದರಿ, ಎನ್ ಅಂದರೆ ಒಹಾಯೊದ ನಾರ್‌ವುಡ್ ಕಾರ್ಖಾನೆ. ಲಾಸ್ ಏಂಜಲೀಸ್ ಕಾರಾದರೆ ಎಲ್. ಝಡ್/28 ಎಂದು ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ? ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. 23 ಇದ್ದರೆ ಅದು ಆರು ಸಿಲಿಂಡರ್ ಕಾರು, ಸುಮ್ನೆ ವಾಪಸ್ ಬನ್ನಿ.

ಆಮೇಲೆ ಬಾನೆಟ್ ಎತ್ತಿ. ಎಂಜಿನ್ ಹಿಂದಿನ ಗೋಡೆಯಲ್ಲಿ, ಡ್ರೈವರ್ ಕಡೆ, ಟ್ರಿಮ್ ಟ್ಯಾಗ್ ಇದೆ. ಬಾಡಿಯ ತಾರೀಖು, ಬಣ್ಣದ ಕೋಡ್ ಇರುವ ಸಣ್ಣ ತಗಡು ಅದು. 05ಎ ಎಂದಿದ್ದರೆ ಬಾಡಿ ಕಟ್ಟಿದ್ದು ಮೇ ತಿಂಗಳ ಮೊದಲ ವಾರ. ಬಣ್ಣದ ಕೋಡ್ 72 ಅಂದರೆ ಹಗ್ಗರ್ ಆರೆಂಜ್. ಎಕ್ಸ್33 ಅಥವಾ ಎಕ್ಸ್77 ಕಂಡರೆ ಖುಷಿಪಡಿ, ಅವು ಝಡ್/28ರ ಗುರುತು. ಕಾಣದಿದ್ದರೆ ನಕಲಿ ಅಂತ ತೀರ್ಮಾನಿಸಬೇಡಿ. 1969ರ ಮಾದರಿಯ ತಯಾರಿ 1968ರಲ್ಲೇ ಶುರುವಾಗಿತ್ತು, ಆದರೆ ನಾರ್‌ವುಡ್ ಈ ಕೋಡ್ ಹಾಕಲು ಶುರು ಮಾಡಿದ್ದೇ 1968ರ ಡಿಸೆಂಬರ್‌ನಲ್ಲಿ. ಲಾಸ್ ಏಂಜಲೀಸ್‌ನವರು ಹಾಕಲೇ ಇಲ್ಲ. ಇನ್ನೊಂದು ಮಾತು, ಹೊಸ ಟ್ಯಾಗ್ ಮಾಡಿಸಿ ಹಾಕುವವರೂ ಇದ್ದಾರೆ. ರಿವೆಟ್ ಸುತ್ತ ಗೀರು, ಹೊಸ ಪೇಂಟ್ ಇದೆಯಾ ನೋಡಿ.

ನನ್ನ ಪ್ರಕಾರ ನಿಜವಾದ ಪರೀಕ್ಷೆ ಎಂಜಿನ್ ಹತ್ತಿರ. ಡ್ರೈವರ್ ಕೂರದ ಕಡೆಯ, ಅಂದರೆ ಕಾರಿನ ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕ್ ಮೇಲೆ, ಒಂದು ಸಣ್ಣ ಸಮತಟ್ಟಾದ ಜಾಗವಿದೆ. ಜಿಡ್ಡು ಒರೆಸಿ. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ. ವಿ0422ಡಿಝಡ್ ಎಂದಿದ್ದರೆ, ಫ್ಲಿಂಟ್ ಕಾರ್ಖಾನೆ, ಏಪ್ರಿಲ್ 22, 302 ಘನ ಇಂಚಿನ ಎಂಜಿನ್ ಎಂದರ್ಥ. ಡಿಝಡ್ ಅಕ್ಷರ ಬರುವುದು 1969ರ ಝಡ್/28ಕ್ಕೆ. ಪಕ್ಕದಲ್ಲೇ 19ಎನ್ ಜತೆ ಆರು ಅಂಕಿ ಇರಬೇಕು. ಅವು ಡ್ಯಾಶ್‌ಬೋರ್ಡಿನ ಕೊನೆಯ ಆರು ಅಂಕಿಗೆ ತಾಳೆಯಾಗಬೇಕು. ಈಗ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕಾರ್ಖಾನೆಯ ಯಂತ್ರ ಉಳಿಸಿದ ಕೂದಲೆಳೆಯಂಥ ಗೆರೆಗಳು ಮುಂದಿನಿಂದ ಹಿಂದಕ್ಕೆ ಸಾಗಬೇಕು. ಅಂಕಿಗಳ ಸುತ್ತ ಕನ್ನಡಿ ಥರ ನುಣುಪಾಗಿದ್ದರೆ ಆ ಜಾಗವನ್ನು ಉಜ್ಜಿದ್ದಾರೆ. ನಂಬರ್ ಹೊಸದಾಗಿ ಕುಟ್ಟಿರಬಹುದು.

ಎಂಜಿನ್ ಹಿಂಭಾಗದ ಎರಕದ ನಂಬರ್ 3970010 ತೋರಿಸಿ 'ಇದೇ ಪುರಾವೆ' ಅಂದರೆ ಒಪ್ಪಬೇಡಿ. ಅದೇ ಎರಕ ಮುಂದೆ ಎಷ್ಟೋ 350 ಎಂಜಿನ್‌ಗಳಲ್ಲೂ ಬಂತು. ಎರಕದ ತಾರೀಖು ನೋಡಿ. ಡಿ129 ಅಂದರೆ 1969ರ ಏಪ್ರಿಲ್ 12. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಸಾಲು ತಪ್ಪಿದರೆ ಆ ಎಂಜಿನ್ ಆ ಕಾರಿನದಲ್ಲ.

ಗೇರ್‌ಬಾಕ್ಸ್ ನಾಲ್ಕು ಗೇರಿನದ್ದೇ ಇರಬೇಕು. ಝಡ್/28ಕ್ಕೆ ಆಟೋಮ್ಯಾಟಿಕ್ ಕೊಡಲೇ ಇಲ್ಲ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕಡ್ಡಾಯ.

ಇಷ್ಟಾದ ಮೇಲೂ ಅನುಮಾನವೇ? ಗಾಜಿನ ಕೆಳಗಿನ ಗಾಳಿಜಾಲರಿಯ ತಗಡು ಬಿಚ್ಚಿಸಿ. ಕೆಳಗೆ ಬಾಡಿಯ ಮೇಲೇ ವಿಐಎನ್‌ನ ಒಂದು ಭಾಗ ಒತ್ತಿರುತ್ತಾರೆ. ಹೀಟರ್ ಹಿಂದೆ ಇನ್ನೊಂದು ಸಲ. ಡ್ಯಾಶ್‌ಬೋರ್ಡಿನ ನಂಬರಿಗೆ ಅದು ಹೊಂದದಿದ್ದರೆ ದುಡ್ಡು ಜೇಬಲ್ಲೇ ಇರಲಿ. ಆ ಕಾರು ಯಾರದ್ದೋ ಕದ್ದ ಮಾಲೂ ಆಗಿರಬಹುದು.